ಬೆನ್ನಿಗೆ ಬಲ ಕೊಡುವ ವ್ಯಾಯಾಮ ಯಾವುದು?

(ಹಾಲು ಉತ್ಪಾದಕರ ಸಭೆಯಲ್ಲಿ ಫಿಸಿಯೋಥೆರಪಿ ತಜ್ಞರೊಬ್ಬರು ಮಾಡಿದ ಭಾಷಣ)



ಹಸು ಒಂದು ಹೊತ್ತು ಮೇವು ಬಿಟ್ಟರೆ ಡಾಕ್ಟರಿಗೆ ಹೇಳಿಕಳಿಸುತ್ತೀರಿ. ನಿಮ್ಮ ಬೆನ್ನು ಹಿಡಿದುಕೊಂಡರೆ ಮಾತ್ರ ಒಂದು ಗುಳಿಗೆ ನುಂಗಿ ಕೊಟ್ಟಿಗೆಗೆ ಹೋಗುತ್ತೀರಿ. ನನ್ನ ತಾಯಿಯೂ ಹಾಗೆಯೇ ಮಾಡಿದರು. ಕೂತು ಹಾಲು ಕರೆಯಲಾಗದೆ ಕೊನೆಗೆ ಎರಡು ಹಸುಗಳನ್ನೂ ಮಾರಬೇಕಾಯಿತು. ನಾನು ಆಗಷ್ಟೇ ಓದು ಮುಗಿಸಿ ಬಂದಿದ್ದೆ. ದಿನಾ ಬೆಳಿಗ್ಗೆ ಎದ್ದ ಕೂಡಲೇ ‘ಬಗ್ಗಿ ಕಾಲ್ಬೆರಳು ಮುಟ್ಟಮ್ಮ’ ಎಂದು ಅವರಿಂದ ಮಾಡಿಸಿದವನೂ ನಾನೇ. ಆ ತಪ್ಪು ನಿಮ್ಮ ಮನೆಯಲ್ಲಿ ಆಗಬಾರದು.

ಬೆನ್ನುಮೂಳೆಯ ಮಣಿಗಳ ನಡುವೆ ಮೆತ್ತೆಯಂಥ ಡಿಸ್ಕ್‌ಗಳಿವೆ. ರಾತ್ರಿ ಮಲಗಿದಾಗ ಅವು ನೀರು ಹೀರಿ ಉಬ್ಬುತ್ತವೆ. ಎದ್ದ ಮೊದಲ ಒಂದು ಗಂಟೆಯಲ್ಲಿ ಬಗ್ಗಿದರೆ ಅವುಗಳ ಮೇಲೆ ಒತ್ತಡ ಹೆಚ್ಚು. ಬೆಳಗಿನ ಹೊತ್ತು ಬಗ್ಗುವುದನ್ನು ಕಡಿಮೆ ಮಾಡಿದವರಿಗೆ ಹಳೆಯ ಬೆನ್ನುನೋವು ತಗ್ಗಿತೆಂದು 1998ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದರು. ನಮಗೋ, ಸಗಣಿ ಬಾಚುವುದು, ಹಾಲು ಕರೆಯುವುದು ಎಲ್ಲ ಅದೇ ಗಂಟೆಯಲ್ಲಿ! ಡೇರಿಯ ಹೊತ್ತು ನಮಗಾಗಿ ಕಾಯುವುದಿಲ್ಲ. ಆದ್ದರಿಂದ ಸಲಿಕೆಗೆ ಉದ್ದನೆಯ ಹಿಡಿ ಹಾಕಿಸಿ, ಹಸುವಿಗೆ ಹತ್ತಿರ ಸರಿದು ಕರೆಯಿರಿ, ವ್ಯಾಯಾಮವನ್ನು ಸಂಜೆಗೆ ಇಟ್ಟುಕೊಳ್ಳಿ.

‘ಇಷ್ಟು ದುಡಿಯುತ್ತೇವಲ್ಲ, ಅದೇ ವ್ಯಾಯಾಮವಲ್ಲವೇ?’ ಎಂದು ತಾಯಂದಿರು ಕೇಳುತ್ತಾರೆ. ದುಡಿಮೆಯೆಲ್ಲ ಮುಂದಕ್ಕೆ ಬಗ್ಗಿಯೇ ಆಗುತ್ತದೆ. ಅಂಗಾತ ಮಲಗಿ ಎದ್ದು ಕೂರುವ ಸಿಟ್-ಅಪ್ ಕೂಡ ಮತ್ತೆ ಬಗ್ಗುವುದೇ. ನಿಮಗೆ ಅದು ಬೇಡ. ಬೋರಲು ಮಲಗಿ ಎದೆ, ಕಾಲು ಎರಡನ್ನೂ ಎತ್ತುವುದರಿಂದ ಬೆನ್ನಿನ ಸ್ನಾಯು ಬಲಿಯುತ್ತದೆ, ನಿಜ. ಆದರೆ ನೋವಿರುವವರ ಮೂಳೆಗೆ ಆ ಹೊರೆ ಹೆಚ್ಚಾಯಿತು.

ನಾನು ಮೊದಲು ಹೇಳಿಕೊಡುವುದು ಬೇರೆ. ಹಸುವಿನಂತೆ ಅಂಗೈ, ಮಂಡಿ ಊರಿ ನಿಲ್ಲಿ. ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ಚಾಚಿ. ಬೆನ್ನ ಮೇಲೆ ಹಾಲಿನ ಲೋಟ ಇಟ್ಟಿದ್ದರೂ ತುಳುಕಬಾರದು, ಅಷ್ಟು ಅಲುಗದೆ ಇರಬೇಕು. ಎಂಟು-ಹತ್ತು ಸೆಕೆಂಡು ಹಿಡಿದು ಬದಿ ಬದಲಿಸಿ. ಒಂದೊಂದು ಬದಿಗೆ ಆರು ಸಲ ಸಾಕು. ಉಸಿರು ಕಟ್ಟಬೇಡಿ. ಬೆನ್ನುಮೂಳೆಯ ಬಗ್ಗೆ ಹಲವು ವರ್ಷ ಸಂಶೋಧನೆ ಮಾಡಿದ ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಸ್ಟುವರ್ಟ್ ಮೆಕ್‌ಗಿಲ್ ಅವರು ಆರಿಸಿದ ಮೂರು ವ್ಯಾಯಾಮಗಳಲ್ಲಿ ಇದೂ ಒಂದು.

ಇದು ನೋವಿಲ್ಲದೆ ಸಾಧ್ಯವಾದ ಮೇಲೆ ಎತ್ತುವುದನ್ನು ಕಲಿಯಿರಿ. ಖಾಲಿ ಕ್ಯಾನಿಗೆ ಐದು ಲೀಟರ್ ನೀರು ಹಾಕಿ, ಕಾಲುಗಳ ನಡುವೆ ಇಟ್ಟುಕೊಳ್ಳಿ. ಸೊಂಟವನ್ನು ಹಿಂದಕ್ಕೆ ತಳ್ಳಿ, ಮಂಡಿ ಸ್ವಲ್ಪ ಮಡಿಸಿ, ಬೆನ್ನು ನೇರವಿಟ್ಟು ಎತ್ತಿ. ಕೆಲವು ವಾರಗಳಲ್ಲಿ ನೀರು ಹೆಚ್ಚಿಸುತ್ತಾ ಹೋಗಿ. ತುಂಬಿದ 40 ಲೀಟರ್ ಕ್ಯಾನಿನಲ್ಲಿ ಹಾಲೇ 41 ಕೆ.ಜಿ. ತೂಗುತ್ತದೆ, ಎಷ್ಟೇ ಗಟ್ಟಿಗರಾದರೂ ಅದನ್ನು ಇಬ್ಬರು ಎತ್ತಿ.

ಕಾಲು ಜೋಮು ಹಿಡಿದು ಬಲ ಕಳೆದುಕೊಂಡರೆ, ಮಲಮೂತ್ರದ ಹಿಡಿತ ತಪ್ಪಿದರೆ ಯಾವ ವ್ಯಾಯಾಮವೂ ಬೇಡ, ಎಣ್ಣೆ ನೀವಿಸುವುದೂ ಬೇಡ. ಅದೇ ದಿನ ಆಸ್ಪತ್ರೆಗೆ ಹೋಗಿ. ಹಾಲು ಕರೆಯಲು ಪಕ್ಕದ ಮನೆಯವರಿಗೆ ಹೇಳಿದರಾಯಿತು.