ಮಳೆಯೊಳಗಿನ ಸಾರಜನಕ: ಒಂದು ಅಳತೆಯ ಚರಿತ್ರೆ

ಮಂಗಳೂರಿನ ಪಣಂಬೂರು ಮತ್ತು ಬಜಪೆಯ ಹವಾಮಾನ ವೀಕ್ಷಣಾಲಯಗಳಲ್ಲಿ ಬೆಳಗ್ಗೆ ಎಂಟೂವರೆ ಗಂಟೆಗೆ ಹಿಂದಿನ ಇಪ್ಪತ್ತನಾಲ್ಕು ಗಂಟೆಗಳ ಮಳೆಯನ್ನು ಅಳೆದು ದಾಖಲಿಸಲಾಗುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಪಡೆಯುವ, ಅದರ ಬಹುಪಾಲನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳುಗಳಲ್ಲಿ ಕಾಣುವ ಈ ಕರಾವಳಿಯಲ್ಲಿ ಆ ದಾಖಲೆಗೆ ಬಹಳ ಬೆಲೆಯಿದೆ. ಆದರೆ ಅದು ನೀರಿನ ಪ್ರಮಾಣವನ್ನು ಮಾತ್ರ ಹೇಳುತ್ತದೆ. ಆ ನೀರು ಆಕಾಶದಿಂದ ತನ್ನೊಡನೆ ಕರಗಿಸಿ ತಂದದ್ದೇನು ಎಂಬುದು ಬೇರೆಯೇ ಅಳತೆಯ ವಿಷಯವಾಗಿದ್ದು, ಅದರಲ್ಲಿ ಸಾರಜನಕದ ಅಳತೆಗೆ ಸುಮಾರು ಇನ್ನೂರು ವರ್ಷಗಳ ಚರಿತ್ರೆಯಿದೆ.

ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ ಆಗಿದ್ದರೂ ಅದರ ಎರಡು ಪರಮಾಣುಗಳು ಪರಸ್ಪರ ಬಿಗಿಯಾಗಿ ಬೆಸೆದುಕೊಂಡಿರುವುದರಿಂದ ಗಿಡಮರಗಳು ಅದನ್ನು ನೇರವಾಗಿ ಬಳಸಲಾರವು. ಸಿಡಿಲಿನ ಶಾಖದಲ್ಲಿ, ಬೇರುಗಂಟುಗಳ ಬ್ಯಾಕ್ಟೀರಿಯಾಗಳಲ್ಲಿ ಅಥವಾ ಕಾರ್ಖಾನೆಯಲ್ಲಿ ಆ ಬೆಸುಗೆ ಬಿಟ್ಟಾಗ ಹುಟ್ಟುವ ಅಮೋನಿಯಾ, ನೈಟ್ರೋಜನ್ ಆಕ್ಸೈಡ್ ಮೊದಲಾದವುಗಳನ್ನು ಕ್ರಿಯಾಶೀಲ ಸಾರಜನಕ ಎನ್ನುತ್ತಾರೆ. ವಾಹನಗಳ ಎಂಜಿನ್‌ಗಳೂ ಕುಲುಮೆಗಳೂ ಉಗುಳುವ ಆಕ್ಸೈಡ್‌ಗಳು ಮಳೆಯಲ್ಲಿ ನೈಟ್ರೇಟ್ ಆಗಿ ಇಳಿಯುತ್ತವೆ; ದನದ ಹಟ್ಟಿಯಿಂದಲೂ ಯೂರಿಯಾ ಹಾಕಿದ ಗದ್ದೆಯಿಂದಲೂ ಮೇಲೇಳುವ ಅಮೋನಿಯಾ ಅಮೋನಿಯಂ ರೂಪದಲ್ಲಿ ಇಳಿಯುತ್ತದೆ. ಮಳೆನೀರಿನ ಪರೀಕ್ಷೆಯಲ್ಲಿ ಮುಖ್ಯವಾಗಿ ಅಳೆಯುವುದು ಈ ಎರಡನ್ನು.

ಈ ಅಳತೆಯ ಆರಂಭದಲ್ಲಿ ಮಾಲಿನ್ಯದ ಯೋಚನೆಯೇ ಇರಲಿಲ್ಲ. ಜರ್ಮನಿಯ ರಸಾಯನಶಾಸ್ತ್ರಜ್ಞ ಯುಸ್ಟಸ್ ಫಾನ್ ಲೀಬಿಗ್ 1827ರಲ್ಲಿ ಮಳೆನೀರಿನ 77 ಮಾದರಿಗಳನ್ನು ಪರೀಕ್ಷಿಸಿದಾಗ ಗುಡುಗುಮಳೆಯಲ್ಲಿ ಸಂಗ್ರಹಿಸಿದ್ದ 17 ಮಾದರಿಗಳಲ್ಲಿ ನೈಟ್ರಿಕ್ ಆಮ್ಲವಿರುವುದನ್ನು ಕಂಡರು. 1840ರ ಹೊತ್ತಿಗೆ ಅವರು, ಬೆಳೆಗೆ ಬೇಕಾದ ಸಾರಜನಕವನ್ನು ಮಳೆಯೇ ಅಮೋನಿಯಾ ರೂಪದಲ್ಲಿ ಒದಗಿಸುತ್ತದೆ ಎಂಬ ವಾದವನ್ನು ಮಂಡಿಸಿದರು. ಈ ವಾದ ನಿಜವಾಗಿದ್ದರೆ ರೈತ ಸಾರಜನಕದ ಗೊಬ್ಬರಕ್ಕೆ ಹಣ ಸುರಿಯಬೇಕಾದ ಅಗತ್ಯವೇ ಇರುತ್ತಿರಲಿಲ್ಲವಾದ್ದರಿಂದ, ಅದನ್ನು ಒರೆಗೆ ಹಚ್ಚಲು ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದ ಜಾನ್ ಬೆನೆಟ್ ಲಾಸ್ ಮತ್ತು ಜೋಸೆಫ್ ಹೆನ್ರಿ ಗಿಲ್ಬರ್ಟ್ ಮುಂದಾದರು. ಒಂದು ಎಕರೆಯ ಸಾವಿರದ ಒಂದು ಪಾಲಿನಷ್ಟು ವಿಸ್ತಾರದ ದೊಡ್ಡ ಮಳೆಮಾಪಕವನ್ನು 1850ರ ದಶಕದಲ್ಲಿ ಅಲ್ಲಿ ಕಟ್ಟಿಸಲಾಯಿತು. ದಶಕಗಳ ಕಾಲ ನಡೆದ ಪರೀಕ್ಷೆಗಳ ಫಲವಾಗಿ, ಮಳೆ ವರ್ಷಕ್ಕೆ ಎಕರೆಗೆ ತರುವ ಸಾರಜನಕ ಸುಮಾರು 4 ಪೌಂಡ್ ಮಾತ್ರವೆಂದೂ, ಗೋಧಿಯ ಬೆಳೆಗೆ ಅದು ಏನೇನೂ ಸಾಲದೆಂದೂ ತಿಳಿದುಬಂತು. ಲೀಬಿಗ್ ಸೋತರೂ ಮಳೆಯ ಸಾರಜನಕವನ್ನು ಜಮೀನಿನ ವಿಸ್ತಾರಕ್ಕೆ ತೂಕದಲ್ಲಿ ಲೆಕ್ಕ ಹಾಕುವ ಕ್ರಮ ಉಳಿಯಿತು.

ಭಾರತದಲ್ಲಿಯೂ ಇದೇ ಕುತೂಹಲ ಮೊದಲು ಕಾಣಿಸಿತು. ಸರಕಾರದ ಕೃಷಿ ರಸಾಯನಶಾಸ್ತ್ರಜ್ಞರಾಗಿದ್ದ ಜಾನ್ ವಾಲ್ಟರ್ ಲೆದರ್ ಅವರು ಡೆಹ್ರಾಡೂನ್ ಮತ್ತು ಕಾನ್ಪುರಗಳ ಮಳೆ ಹಾಗೂ ಇಬ್ಬನಿಯನ್ನು ಪರೀಕ್ಷಿಸಿ 1906ರಲ್ಲಿ ವರದಿ ಪ್ರಕಟಿಸಿದರು. ಅದಾದ ಕೆಲವೇ ವರ್ಷಗಳಲ್ಲಿ ಪರಿಸ್ಥಿತಿ ಬದಲಾಯಿತು. ಫ್ರಿಟ್ಸ್ ಹಾಬರ್ 1909ರಲ್ಲಿ ಪ್ರಯೋಗಾಲಯದಲ್ಲಿ ಗಾಳಿಯ ಸಾರಜನಕದಿಂದ ಅಮೋನಿಯಾ ತಯಾರಿಸಿ ತೋರಿಸಿದರು, 1913ರಲ್ಲಿ ಜರ್ಮನಿಯ ಒಪ್ಪೌನಲ್ಲಿ ಅದರ ಕಾರ್ಖಾನೆ ಆರಂಭವಾಯಿತು, ಮತ್ತು ಅಲ್ಲಿಂದ ಮುಂದೆ ಕ್ರಿಯಾಶೀಲ ಸಾರಜನಕದ ಕೊರತೆಯ ಪ್ರಶ್ನೆ ನಿಧಾನವಾಗಿ ಅದರ ಅತಿರೇಕದ ಪ್ರಶ್ನೆಯಾಗಿ ತಿರುಗಿತು.

ಈ ನಡುವೆ ಮಳೆಯ ಅಧ್ಯಯನ ಇನ್ನೊಂದು ದಾರಿ ಹಿಡಿದಿತ್ತು. ಮ್ಯಾಂಚೆಸ್ಟರ್‌ನ ಗಾಳಿ ಮತ್ತು ಮಳೆಯನ್ನು ಪರೀಕ್ಷಿಸಿ 1852ರಲ್ಲಿ ಲೇಖನ ಬರೆದ ರಾಬರ್ಟ್ ಆಂಗಸ್ ಸ್ಮಿತ್, 1872ರ ತಮ್ಮ ಗ್ರಂಥದಲ್ಲಿ ಆಮ್ಲಮಳೆಯ ವಿಚಾರವನ್ನು ವಿಸ್ತಾರವಾಗಿ ಚರ್ಚಿಸಿದರು. 1940ರ ದಶಕದ ಕೊನೆಗೆ ಸ್ವೀಡನ್‌ನಲ್ಲಿ ಹಾನ್ಸ್ ಎಗ್ನೆರ್ ಮಳೆನೀರಿನ ರಾಸಾಯನಿಕ ಪರೀಕ್ಷೆಗೆಂದೇ ಕೇಂದ್ರಗಳ ಜಾಲವೊಂದನ್ನು ಸ್ಥಾಪಿಸಿದರು. 1960ರ ದಶಕದ ಉತ್ತರಾರ್ಧದಲ್ಲಿ ಸ್ವಾಂತೆ ಒಡೆನ್, ಬೇರೆ ದೇಶಗಳ ಹೊಗೆಯೇ ಸ್ಕ್ಯಾಂಡಿನೇವಿಯಾದ ಕೆರೆಗಳನ್ನು ಆಮ್ಲೀಯಗೊಳಿಸುತ್ತಿದೆ ಎಂದು ವಾದಿಸಿದಾಗ ಆಮ್ಲಮಳೆ ರಾಜಕೀಯದ ವಿಷಯವೂ ಆಯಿತು. ವಿಶ್ವ ಹವಾಮಾನ ಸಂಸ್ಥೆಯ ಯೋಜನೆಯಡಿ ಭಾರತೀಯ ಹವಾಮಾನ ಇಲಾಖೆ 1970ರ ದಶಕದಿಂದ ಹತ್ತು ಕೇಂದ್ರಗಳಲ್ಲಿ ಮಳೆನೀರಿನ ಮಾದರಿ ಸಂಗ್ರಹಿಸತೊಡಗಿತು. ಪುಣೆ, ನಾಗ್ಪುರ, ವಿಶಾಖಪಟ್ಟಣ, ಕೊಡೈಕೆನಾಲ್, ಲಕ್ಷದ್ವೀಪದ ಮಿನಿಕಾಯ್ ಮೊದಲಾದವು ಆ ಪಟ್ಟಿಯಲ್ಲಿದ್ದವು. ಕರ್ನಾಟಕದ ಯಾವ ಊರೂ ಇರಲಿಲ್ಲ.

ಆಮ್ಲದ ಪ್ರಶ್ನೆಯೊಂದನ್ನೇ ಕೇಳಿದಾಗ ಸಾರಜನಕ ಕಣ್ಣು ತಪ್ಪಿಸಿಕೊಳ್ಳುತ್ತದೆ. ನೀರಿನ ಆಮ್ಲೀಯತೆಯನ್ನು ಸೂಚಿಸುವ ಪಿಎಚ್ ಅಂಕಿ, ಮಾಲಿನ್ಯವಿಲ್ಲದ ಮಳೆಯಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುವ ಕಾರಣ ಸುಮಾರು 5.6 ಇರುತ್ತದೆ, ಮತ್ತು ಅದು ಇಳಿದಷ್ಟೂ ಆಮ್ಲ ಹೆಚ್ಚೆಂದು ಅರ್ಥ. ಗಾಳಿಯಲ್ಲಿ ಅಮೋನಿಯಾ ಧಾರಾಳವಾಗಿದ್ದರೆ ಅದು ಹನಿಯೊಳಗಿನ ಆಮ್ಲವನ್ನು ತಟಸ್ಥಗೊಳಿಸುವುದರಿಂದ, ಸಾರಜನಕ ತುಂಬಿದ ಮಳೆಯೂ ಪಿಎಚ್ ಪಟ್ಟಿಯಲ್ಲಿ ನಿರುಪದ್ರವಿಯಾಗಿ ಕಾಣುತ್ತದೆ. ಆದರೆ ಅದೇ ಅಮೋನಿಯಂ ಮಣ್ಣು ಸೇರಿ, ಬ್ಯಾಕ್ಟೀರಿಯಾಗಳಿಂದ ನೈಟ್ರೇಟ್ ಆಗಿ ಬದಲಾಗುವಾಗ ಮಣ್ಣನ್ನು ಆಮ್ಲೀಯಗೊಳಿಸುತ್ತದೆ. ಆದ್ದರಿಂದ ಮಳೆ ಆಮ್ಲೀಯವೇ ಎಂದು ಕೇಳಿದರೆ ಸಾಲದು, ಅದು ಎಷ್ಟು ಸಾರಜನಕವನ್ನು ನೆಲಕ್ಕಿಳಿಸಿತು ಎಂದೂ ಕೇಳಬೇಕಾಗುತ್ತದೆ.

ಈ ಪ್ರಶ್ನೆಗೆ ಉತ್ತರ ಪಡೆಯುವುದು ಸುಲಭವಲ್ಲ. ಸದಾ ತೆರೆದಿಟ್ಟ ಪಾತ್ರೆಯಲ್ಲಿ ಮಳೆಯ ಜೊತೆಗೆ ಧೂಳೂ ಹಕ್ಕಿಯ ಹಿಕ್ಕೆಯೂ ಸೇರಿ ಲೆಕ್ಕ ತಪ್ಪುತ್ತದೆ. ಅದಕ್ಕಾಗಿ ಹನಿ ಬಿದ್ದಾಗ ಮಾತ್ರ ಮುಚ್ಚಳ ತೆರೆದು, ಮಳೆ ನಿಂತೊಡನೆ ಮುಚ್ಚಿಕೊಳ್ಳುವ ಸ್ವಯಂಚಾಲಿತ ಸಂಗ್ರಾಹಕಗಳು ಬಂದಿವೆ. ಸಂಗ್ರಹಿಸಿದ ನೀರನ್ನು ಬೆಚ್ಚಗಿನ ಜಾಗದಲ್ಲಿ ಬಿಟ್ಟರೆ ಸೂಕ್ಷ್ಮಜೀವಿಗಳು ಅಮೋನಿಯಂ ಅನ್ನು ಬಳಸಿಕೊಳ್ಳುವುದರಿಂದ ಅದನ್ನು ತಂಪಿನಲ್ಲಿರಿಸುವ ಅಥವಾ ಥೈಮಾಲ್‌ನಂತಹ ಸಂರಕ್ಷಕ ಸೇರಿಸುವ ರೂಢಿಯಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೋನಿಯಾವನ್ನು ನೆಸ್ಲರ್ ದ್ರಾವಣ ತರುವ ಹಳದಿ ಬಣ್ಣದ ಗಾಢತೆಯಿಂದ ಅಂದಾಜು ಮಾಡುತ್ತಿದ್ದರೆ, 1975ರಲ್ಲಿ ಬೆಳಕಿಗೆ ಬಂದ ಅಯಾನ್ ಕ್ರೊಮಟೋಗ್ರಫಿ, ಅಂದರೆ ನೀರಿನಲ್ಲಿ ಕರಗಿದ ಲವಣಗಳ ಅಯಾನುಗಳನ್ನು ಒಂದೊಂದಾಗಿ ಬೇರ್ಪಡಿಸಿ ಅಳೆಯುವ ವಿಧಾನ, ಈ ಕೆಲಸವನ್ನು ಬಹಳ ಹಗುರಗೊಳಿಸಿತು.

ಮಂಗಳೂರಿನ ಸಂದರ್ಭದಲ್ಲಿ ತೂಕದ ಲೆಕ್ಕಕ್ಕೆ ವಿಶೇಷ ಮಹತ್ವವಿದೆ. ಒಂದು ಹೆಕ್ಟೇರಿನ ಮೇಲೆ 1 ಮಿಲಿಮೀಟರ್ ಮಳೆಯೆಂದರೆ 10,000 ಲೀಟರ್ ನೀರು. 3,500 ಮಿಲಿಮೀಟರ್ ಎಂದರೆ ಮೂರೂವರೆ ಕೋಟಿ ಲೀಟರ್. ಲೀಟರಿಗೆ ಮಿಲಿಗ್ರಾಂನ ಹತ್ತನೆಯ ಒಂದು ಪಾಲಿನಷ್ಟೇ ಸಾರಜನಕವಿದ್ದರೂ ವರ್ಷಕ್ಕೆ ಹೆಕ್ಟೇರಿಗೆ ಮೂರೂವರೆ ಕಿಲೋಗ್ರಾಂ ಇಳಿಯುತ್ತದೆ. 700 ಮಿಲಿಮೀಟರ್ ಮಳೆಯ ಬಯಲುಸೀಮೆಯ ಊರಿನಲ್ಲಿ ಅಷ್ಟೇ ಇಳಿಯಬೇಕಾದರೆ ಅಲ್ಲಿನ ಮಳೆನೀರಿನಲ್ಲಿ ಐದು ಪಟ್ಟು ಸಾರಜನಕವಿರಬೇಕು. ಬೇಸಿಗೆಯುದ್ದಕ್ಕೂ ಗಾಳಿಯಲ್ಲಿ ಸೇರಿದ್ದನ್ನು ಮೇ ಕೊನೆಯ ಪತ್ತನಾಜೆಯ ಆಸುಪಾಸಿನ ಮೊದಲ ಮಳೆಗಳು ತೊಳೆದು ತರುವುದರಿಂದ ಅವುಗಳಲ್ಲಿ ಸಾರಜನಕ ದಟ್ಟವಾಗಿರುವುದು ಸಹಜ. ಮಳೆಗಾಲದ ನಡುವಿನ ಆಟಿ ತಿಂಗಳ ಜಡಿಮಳೆಯಲ್ಲಿ ಅದು ತೆಳುವಾಗುತ್ತದಾದರೂ ನೀರಿನ ಪ್ರಮಾಣ ಅಗಾಧವಾದ್ದರಿಂದ ಒಟ್ಟು ತೂಕ ಸಣ್ಣದಾಗುವುದಿಲ್ಲ. ಹೀಗಾಗಿ ಮೊದಲ ಮಳೆಯೊಂದನ್ನೇ ಹಿಡಿದು ಪರೀಕ್ಷಿಸಿದರೆ ಕರಾವಳಿಯ ಚಿತ್ರ ಅರ್ಧಕ್ಕೇ ನಿಲ್ಲುತ್ತದೆ.

1970ರ ದಶಕದ ಮಧ್ಯದಲ್ಲಿ ನವಮಂಗಳೂರು ಬಂದರು ಉದ್ಘಾಟನೆಯಾಗಿ, 1976ರಲ್ಲಿ ಪಣಂಬೂರಿನ ರಸಗೊಬ್ಬರ ಕಾರ್ಖಾನೆಯೂ, 1990ರ ದಶಕದಲ್ಲಿ ತೈಲ ಸಂಸ್ಕರಣಾಗಾರವೂ ಕೆಲಸ ಆರಂಭಿಸಿದ ಮೇಲೆ ನಗರದ ಉತ್ತರಭಾಗ ಕೈಗಾರಿಕಾ ವಲಯವಾಗಿ ಬೆಳೆಯಿತು. ಅದರೊಡನೆ ಲಾರಿ, ಹಡಗು, ಬಸ್ಸುಗಳ ಸಂಚಾರವೂ ಹೆಚ್ಚಿತು. ಆದರೂ ಮಳೆಯಲ್ಲಿ ಕಂಡ ಸಾರಜನಕವನ್ನೆಲ್ಲ ಯಾವುದೋ ಒಂದು ಚಿಮಣಿಯ ಲೆಕ್ಕಕ್ಕೆ ಬರೆಯುವಂತಿಲ್ಲ, ಏಕೆಂದರೆ ಗದ್ದೆ, ಹಟ್ಟಿ, ರಸ್ತೆ ಮತ್ತು ಸಿಡಿಲು ಎಲ್ಲವೂ ಅದಕ್ಕೆ ಪಾಲು ಸೇರಿಸುತ್ತವೆ. ಮಳೆಗಾಲದ ಪಡುಗಾಳಿ ಕಡಲತೀರದಲ್ಲಿ ಮೇಲೆದ್ದದ್ದನ್ನು ಬಂಟ್ವಾಳ, ಬೆಳ್ತಂಗಡಿಗಳ ಕಡೆಗೆ, ಘಟ್ಟದ ಬುಡಕ್ಕೆ ಒಯ್ಯುವುದರಿಂದ ನಗರದೊಳಗಿನ ಒಂದೇ ಸಂಗ್ರಾಹಕ ಪೂರ್ತಿ ಉತ್ತರ ಕೊಡಲಾರದು.

ಆ ದಾರಿಯಲ್ಲಿರುವ ಮುರಕಲ್ಲಿನ ಪದವುಗಳಲ್ಲಿ, ಅಂದರೆ ಎತ್ತರದ ಬಯಲುಗಳಲ್ಲಿ, ಮಳೆಗಾಲಕ್ಕೆ ಚಿಗುರುವ ಕೀಟಾಹಾರಿ ಸಸ್ಯಗಳು ಸಾರಜನಕದ ಬಡತನಕ್ಕೇ ಒಗ್ಗಿಕೊಂಡವು. ಮಣ್ಣಿನಲ್ಲಿ ಸಿಗದ್ದನ್ನು ಅವು ಹುಳುಗಳಿಂದ ಪಡೆಯುತ್ತವೆ. ಅಂತಹ ನೆಲಕ್ಕೆ ಆಕಾಶದಿಂದ ಗೊಬ್ಬರ ಬಿದ್ದರೆ ಬೇಗ ಬೆಳೆಯುವ ಹುಲ್ಲು ಕಳೆಗಳು ಅವನ್ನು ಮುಚ್ಚಿಬಿಡುವ ಸಾಧ್ಯತೆಯಿದೆ. ಒಂದು ಪರಿಸರ ಹಾನಿಯಿಲ್ಲದೆ ತಾಳಿಕೊಳ್ಳಬಲ್ಲ ಗರಿಷ್ಠ ಪ್ರಮಾಣವನ್ನು ಯುರೋಪಿನಲ್ಲಿ ನಿರ್ಣಾಯಕ ಹೊರೆ ಎಂದು ಗುರುತಿಸಿ, ಕೆಲವು ಬಗೆಯ ಜೌಗುನೆಲಗಳಿಗೆ ಅದನ್ನು ವರ್ಷಕ್ಕೆ ಹೆಕ್ಟೇರಿಗೆ 5ರಿಂದ 10 ಕಿಲೋಗ್ರಾಂ ಎಂದು ನಿಗದಿಪಡಿಸಿದ್ದಾರೆ. ತುಳುನಾಡಿನ ಪದವುಗಳ ಮಿತಿಯನ್ನು ಇಲ್ಲಿನ ಅಳತೆಗಳಿಂದಲೇ ಕಂಡುಕೊಳ್ಳಬೇಕು.

ಭಾರತದ 2009ರ ವಾಯುಗುಣಮಟ್ಟ ಮಾನದಂಡಗಳಲ್ಲಿ ನೈಟ್ರೋಜನ್ ಡೈಆಕ್ಸೈಡ್ ಮತ್ತು ಅಮೋನಿಯಾ ಎರಡಕ್ಕೂ ಮಿತಿಯಿದ್ದರೂ ಅದು ಉಸಿರಾಡುವ ಗಾಳಿಗೆ ಸಂಬಂಧಿಸಿದ್ದು, ಸುರಿಯುವ ಮಳೆಗಲ್ಲ. 2019ರ ಕೊಲಂಬೊ ಘೋಷಣೆ ಸಾರಜನಕದ ಪೋಲನ್ನು 2030ರೊಳಗೆ ಅರ್ಧಕ್ಕಿಳಿಸುವ ಗುರಿಯನ್ನು ಮುಂದಿಟ್ಟಿದೆ. ಪೋಲು ಇಳಿಯಿತೇ ಎಂದು ತಿಳಿಯಲು ಇಳಿಯುವ ಮುಂಚಿನ ಲೆಕ್ಕ ಕೈಯಲ್ಲಿರಬೇಕಾಗುತ್ತದೆ. ಸುರತ್ಕಲ್‌ನ ರಾಷ್ಟ್ರೀಯ ತಾಂತ್ರಿಕ ಸಂಸ್ಥೆ, ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯ ಮತ್ತು ಹವಾಮಾನ ವೀಕ್ಷಣಾಲಯಗಳು ಒಂದೇ ನಗರದ ಆಸುಪಾಸಿನಲ್ಲಿವೆ. ಕಡಲತೀರದಿಂದ ಘಟ್ಟದ ಬುಡದವರೆಗೆ ಸಾಲಾಗಿ ಸಂಗ್ರಾಹಕಗಳನ್ನಿಟ್ಟು, ಇಡೀ ಮಳೆಗಾಲ ವಾರವಾರವೂ ಅಮೋನಿಯಂ ಮತ್ತು ನೈಟ್ರೇಟ್‌ಗಳನ್ನು ಅಳೆದು, ಅದನ್ನು ಹಲವು ವರ್ಷ ಬಿಡದೆ ಮುಂದುವರಿಸಿದರೆ, ರೋಥಾಮ್‌ಸ್ಟೆಡ್‌ನಲ್ಲಿ ಬೆಳೆಯ ಪೋಷಣೆಗಾಗಿ ಆರಂಭವಾದ ತೂಕದ ಲೆಕ್ಕವು ಕರಾವಳಿಯಲ್ಲಿ ನೆಲ ಮತ್ತು ನದಿಗಳ ರಕ್ಷಣೆಗೆ ಆಧಾರವಾಗಬಲ್ಲದು.