ದೂರದಿಂದ ಬಂದವರು

ಮೈಸೂರಿನ ಮಾನಸಗಂಗೋತ್ರಿಗೆ ಪ್ರತಿವರ್ಷವೂ ಹೊರದೇಶಗಳಿಂದ ವಿದ್ಯಾರ್ಥಿಗಳು ಬರುತ್ತಾರೆ. ನಾನು ಅಧ್ಯಾಪಕನಾಗಿದ್ದಾಗ, ಹೊಸದಾಗಿ ಬಂದವರನ್ನು ಒಂದು ದಿನ ಸುತ್ತಾಡಿಸಿಕೊಂಡು ಬರುವ ಕೆಲಸ ಕೆಲವು ವರ್ಷ ನನ್ನ ಪಾಲಿಗಿತ್ತು. ಕಷ್ಟದ ಕೆಲಸವೇನಲ್ಲ. ಬಸ್ಸು ವಿಶ್ವವಿದ್ಯಾನಿಲಯದ್ದು, ಬುತ್ತಿ ಹಾಸ್ಟೆಲಿನದು, ಮಾತು ಮಾತ್ರ ನನ್ನದು. ಆ ಮಾತಿನಲ್ಲಿ ಒಂದು ಕೊರತೆಯಿದ್ದುದನ್ನು ನನಗೆ ತೋರಿಸಿಕೊಟ್ಟವಳು ಪೂರ್ವ ಆಫ್ರಿಕದಿಂದ ಬಂದಿದ್ದ ಒಬ್ಬ ವಿದ್ಯಾರ್ಥಿನಿ. ಈ ಹೊತ್ತು ಅದನ್ನೇ ತಮ್ಮ ಮುಂದೆ ಹೇಳಬೇಕೆಂದಿದ್ದೇನೆ.

ನಮ್ಮ ಪ್ರವಾಸ ಶ್ರೀರಂಗಪಟ್ಟಣದಿಂದ ಮೊದಲಾಗುತ್ತಿತ್ತು. 1784ರಲ್ಲಿ ಮುಗಿದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಅದನ್ನು ತೋರಿಸುತ್ತಿದ್ದೆ. 1799ರ ಮೇ 4ರಂದು ಟಿಪ್ಪು ಸುಲ್ತಾನ ಬಿದ್ದ ಸ್ಥಳಕ್ಕೆ ಕರೆದೊಯ್ಯುತ್ತಿದ್ದೆ. ಅಲ್ಲಿಂದ ಪಾಂಡವಪುರ. ಹಿಂದೆ ಹಿರೋಡೆಯೆನಿಸಿದ್ದ ಆ ಊರಿಗೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಂದದ್ದು, ಹೈದರ್ ಮತ್ತು ಟಿಪ್ಪುವಿನ ಕಡೆ ಸೇರಿದ್ದ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದರಿಂದ ಎಂದು ವಿವರಿಸುತ್ತಿದ್ದೆ. ಮಧ್ಯಾಹ್ನ ತೊಣ್ಣೂರು ಕೆರೆಯ ಏರಿಯ ಬಳಿ ಬುತ್ತಿ ಬಿಚ್ಚುತ್ತಿದ್ದೆವು.

ಆ ವರ್ಷ ಅಲ್ಲಿ ಕುಳಿತಾಗ ಆ ಹುಡುಗಿ ಕೇಳಿದಳು: “ಬೆಳಗಿನಿಂದ ಕಾದಾಡಲು ಬಂದವರ ಕಥೆಯನ್ನೇ ಹೇಳಿದಿರಿ. ಇಲ್ಲಿಗೆ ಬಾಳಲು ಬಂದವರು ಯಾರೂ ಇಲ್ಲವೆ?”

ಉತ್ತರ ಕಾಲ ಬಳಿಯಲ್ಲೇ ಇತ್ತು. ಚೋಳನಾಡಿನಲ್ಲಿ ಇರಲಾಗದೆ ಬಂದ ರಾಮಾನುಜಾಚಾರ್ಯರು ನೆಲಸಿದ ತೊಂಡನೂರೇ ಈ ತೊಣ್ಣೂರು. ಮುಂದೆ ಅವರು ಮೇಲುಕೋಟೆಗೆ ನಡೆದದ್ದು ಇಲ್ಲಿಂದ. ಹೊಯ್ಸಳ ವಿಷ್ಣುವರ್ಧನನ ಆಶ್ರಯವನ್ನು ವರ್ಣಿಸಿದೆ. ಅವಳು ಬಿಡಲಿಲ್ಲ. “ದೊರೆಯ ಬಳಿಗೆ ಅವರನ್ನು ಕರೆದುಕೊಂಡು ಹೋದವರು ಯಾರು?” ತೊಂಡನೂರು ನಂಬಿಯೆಂಬ ಶಿಷ್ಯರೆಂದು ಪರಂಪರೆ ಹೇಳುತ್ತದೆ ಎಂದೆ. “ಹಾಗಾದರೆ ದೊರೆಗಿಂತ ಮೊದಲು ಊರಿನವನೊಬ್ಬ ಇದ್ದ,” ಎಂದು ಅವಳು ಸುಮ್ಮನಾದಳು.

ಆ ಮಾತಿನ ಹಿನ್ನೆಲೆ ತಿಳಿದದ್ದು ಹಿಂದಿರುಗುವಾಗ. ಹಾಸ್ಟೆಲಿನಲ್ಲಿ ಅವಳಿಗೆ ತಿಂಗಳ ಕೊನೆಯವರೆಗೆ ಮಾತ್ರ ಸ್ಥಳವಿತ್ತು. ನಾಲ್ಕು ಮನೆಗಳ ಬಾಗಿಲು ತಟ್ಟಿದ್ದಳು. ದೂರವಾಣಿಯಲ್ಲಿ ಕೋಣೆಯಿದೆ ಎಂದವರೇ ಮುಖ ಕಂಡ ಮೇಲೆ ಇಲ್ಲವೆಂದಿದ್ದರು. ನಾನು ಮರುಕದಿಂದ, “ಎಲ್ಲಾದರೂ ಸಿಕ್ಕೀತು, ನೋಡೋಣ,” ಎಂದೆ. ನಮ್ಮ ಮನೆಯ ಗೇಟಿನಲ್ಲಿ, ಮಹಡಿಯ ಕೋಣೆ ಬಾಡಿಗೆಗಿದೆ ಎಂಬ ಹಲಗೆ ಎರಡು ತಿಂಗಳಿನಿಂದ ತೂಗುತ್ತಿತ್ತು.

ರಾತ್ರಿ ಊಟಕ್ಕೆ ಕುಳಿತಾಗ ಮನೆಯಾಕೆಗೆ ಎಲ್ಲವನ್ನೂ ಹೇಳಿದೆ. “ನಮ್ಮ ಮಹಡಿ ಖಾಲಿಯಿದೆಯಲ್ಲ?” ಎಂದಳು. ವಿದೇಶೀಯರನ್ನು ಇರಿಸಿಕೊಂಡವರು 24 ಗಂಟೆಯೊಳಗೆ ಸರ್ಕಾರಕ್ಕೆ ತಿಳಿಸಬೇಕು, ಅದೆಲ್ಲ ರಗಳೆ ಎಂದು ಕಾನೂನು ಹೇಳಿದೆ. ನಿಯಮ ನಿಜ, ಆದರೆ ಅದು ನಮೂನೆಯೊಂದನ್ನು ತುಂಬಿ ಕಳಿಸುವಷ್ಟರ ಕೆಲಸ. ನಾನು ಅಂಜಿದ್ದು ನಮೂನೆಗಲ್ಲ, ಅಕ್ಕಪಕ್ಕದವರು ಏನೆಂದಾರೋ ಎಂಬುದಕ್ಕೆ. ಆಕೆ ಮತ್ತೆ ಮಾತಾಡಲಿಲ್ಲ. ಸಾರು ಬಡಿಸಿ ಒಳಗೆ ಹೋದಳು. ಮೂರು ದಿನ ಕಳೆದು, ನಾಚಿಕೆಯೆನಿಸಿ ಆ ಹುಡುಗಿಯನ್ನು ಹುಡುಕಿಕೊಂಡು ಹೋದೆ. ಆ ವೇಳೆಗೆ, ಹೊಲಿಗೆಯಿಂದ ಜೀವನ ಸಾಗಿಸುತ್ತಿದ್ದ ಒಬ್ಬ ತಾಯಿ ತಮ್ಮ ಎರಡು ಕೋಣೆಗಳಲ್ಲಿ ಒಂದನ್ನು ಕೊಟ್ಟಾಗಿತ್ತು. ಆರು ತಿಂಗಳ ಮೇಲೆ ದಾರಿಯಲ್ಲಿ ಎದುರಾದಾಗ ಆ ಹುಡುಗಿಯೇ ಮೊದಲು ಕೇಳಿದಳು: “ಊಟ ಆಯ್ತಾ ಸಾರ್?” ನಾನು ಕಲಿಸಿದ್ದು ಚರಿತ್ರೆ, ಆ ತಾಯಿ ಕಲಿಸಿದ್ದು ಕನ್ನಡ.

ನಮ್ಮ ತೊಟ್ಟಿಮನೆಗಳಲ್ಲಿ ಜಗಲಿಯೂ ಇತ್ತು, ನಡುಮನೆಯೂ ಇತ್ತು. ಗುರುತಿಲ್ಲದವರಿಗೆ ಜಗಲಿಯಲ್ಲಿ ನೀರು, ಬೆಲ್ಲ. ನಮ್ಮವರಾದವರಿಗೆ ನಡುಮನೆಯಲ್ಲಿ ಎಲೆ. ಹಾರ, ಭಾಷಣ, ಪ್ರೇಕ್ಷಣೀಯ ಸ್ಥಳ ಎಲ್ಲವೂ ಜಗಲಿಯ ಉಪಚಾರ. ತಪ್ಪಲ್ಲ, ಆದರೆ ಸಾಲದು. ನಾಗಮಂಗಲ ತಾಲ್ಲೂಕಿನ ಬೆಳ್ಳೂರನ್ನು ಹೆಸರಿನಲ್ಲಿ ಹೊತ್ತ ಬಿ.ಎಂ. ಶ್ರೀಕಂಠಯ್ಯನವರು ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ಪರದೇಶದ ಕವಿತೆಗಳನ್ನು ಜಗಲಿಯಲ್ಲಿ ಕೂರಿಸಲಿಲ್ಲ. ನಡುಮನೆಗೆ ಕರೆತಂದು ಕನ್ನಡದ ಉಡುಗೆ ಉಡಿಸಿದರು. ಮನೆಯೂ ಬೆಳೆಯಿತು. ಅತಿಥಿಯ ಕಣ್ಣು ಬೇಕಾದವರಿಗೆ ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಹುಟ್ಟಿದ ಎ.ಎನ್. ಮೂರ್ತಿರಾಯರಿದ್ದಾರೆ. ಇಳಿವಯಸ್ಸಿನಲ್ಲಿ ಅಮೆರಿಕಕ್ಕೆ ಹೋಗಿಬಂದು ‘ಅಪರವಯಸ್ಕನ ಅಮೆರಿಕಾ ಯಾತ್ರೆ’ ಬರೆದರು. ನಮ್ಮ ಮಕ್ಕಳೂ ಇಂದು ಅಲ್ಲಿ ಕೋಣೆ ಹುಡುಕುತ್ತಿದ್ದಾರೆ. ಅವರಿಗೆ ಬಾಗಿಲು ತೆರೆಯಲೆಂದು ನಾವು ದೇವರಿಗೆ ಕೈಮುಗಿಯುತ್ತೇವೆ.

ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲೇ ಈಗ ವೈದ್ಯಕೀಯ ಕಾಲೇಜಿದೆ. ದೂರದಿಂದ ಬಂದ ಮಕ್ಕಳು ಈ ಸೀಮೆಗೇನೂ ಅಪರೂಪವಲ್ಲ. ಅಂಥವರು ಎದುರಾದಾಗ ಮೊದಲು ಹೆಸರು ಕೇಳಿ, ಅದನ್ನು ಸರಿಯಾಗಿ ಉಚ್ಚರಿಸಲು ಕಲಿಯಿರಿ. ಹಬ್ಬದ ದಿನ ಒಂದು ಎಲೆ ಹೆಚ್ಚಿಗೆ ಹಾಕಿ. ಕೋಣೆ ಖಾಲಿಯಿದ್ದರೆ, ಇದೆಯೆಂದು ಹೇಳಿ.

ನಮ್ಮ ಗೇಟಿನ ಹಲಗೆಯನ್ನು ಮರುವರ್ಷ ತೆಗೆದೆವು. ಮಹಡಿಗೆ ಹೊರದೇಶದ ಇಬ್ಬರು ಹುಡುಗರು ಬಂದರು. ಅಕ್ಕಪಕ್ಕದವರು ಏನೆಂದರು ಎಂದು ಕೇಳುತ್ತೀರಾ? ಯುಗಾದಿಯ ದಿನ, ಆ ಹುಡುಗರಿಗೆಂದು ಎದುರುಮನೆಯಿಂದ ಒಬ್ಬಟ್ಟು ಬಂತು.