ಕಲ್ಲಿನ ಕೊಡಲಿ ಹೇಳುವ ಚರಿತ್ರೆ

(ಬ್ರಹ್ಮಾವರದ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)



ನಮ್ಮ ಕರಾವಳಿಯ ನೆಲ ಪರಶುರಾಮನ ಕೊಡಲಿಯಿಂದ ಉಂಟಾಯಿತೆಂಬ ಕಥೆಯನ್ನು ನಾವೆಲ್ಲರೂ ಅಜ್ಜಿಯ ಬಾಯಿಂದ ಕೇಳಿದವರೇ. ಇಂದು ಇನ್ನೊಂದು ಕೊಡಲಿಯ ಸಂಗತಿಯನ್ನು ತಮ್ಮ ಮುಂದಿಡುತ್ತೇವೆ. ಅದು ಕಲ್ಲಿನದು. ಅದನ್ನು ಹಿಡಿದವನ ಹೆಸರು ಯಾವ ಪುರಾಣದಲ್ಲೂ ಇಲ್ಲ.

ಶಾಲೆಯಲ್ಲಿ ಪಾಠ ಹೇಳುತ್ತಿದ್ದ ದಿನಗಳಲ್ಲಿ ನಾವು ಮಕ್ಕಳಿಂದ ಅರಸರ ಪಟ್ಟಿಯನ್ನೇ ಬಾಯಿಪಾಠ ಮಾಡಿಸಿದೆವು. ನೆರೆಯ ಬಾರಕೂರಿನ ಶಾಸನಗಳಲ್ಲಿ ಆಳುಪ ಅರಸರ, ವಿಜಯನಗರದ ಅಧಿಕಾರಿಗಳ ಹೆಸರುಗಳಿವೆ. ಆ ಕಾಲದಲ್ಲಿ ಬಾವಿ ತೋಡಿದವರು, ಗದ್ದೆ ಉತ್ತವರು ಯಾರೆಂದು ಕೇಳಿದರೆ ಅವು ಬಹುಮಟ್ಟಿಗೆ ಮೌನ. ಇನ್ನು ಅಕ್ಷರವೇ ಇಲ್ಲದ ಕಾಲವನ್ನು ಅರಿಯುವುದು ಹೇಗೆ?

ಅದಕ್ಕಾಗಿಯೇ ಪುರಾತತ್ವ ಶಾಸ್ತ್ರವಿದೆ. ನೆಲವನ್ನು ಪದರ ಪದರವಾಗಿ ಅಗೆದು, ಯಾವ ವಸ್ತು ಯಾವ ಪದರದಲ್ಲಿ ಸಿಕ್ಕಿತೆಂದು ಅದು ಬರೆದಿಡುತ್ತದೆ. ಅಂಗಡಿಯ ಕಂಬಿಗೆ ಚುಚ್ಚಿದ ಚೀಟಿಗಳಲ್ಲಿ ಅಡಿಯದೇ ಮೊದಲಿನದಲ್ಲವೆ? ಇದೂ ಹಾಗೆಯೇ.

ನಮ್ಮಂಥ ಮನುಷ್ಯರ ಅತಿ ಹಳೆಯ ಎಲುಬುಗಳು ದೊರೆತಿರುವುದು ಆಫ್ರಿಕಾದಲ್ಲಿ. ಸುಮಾರು 3 ಲಕ್ಷ ವರ್ಷಗಳ ಹಿಂದಿನವು. ನಮಗಿಂತ ಮೊದಲಿನ ಮಾನವರೂ ಆಯುಧ ಮಾಡಬಲ್ಲವರಾಗಿದ್ದರು. ಯಾದಗಿರಿ ಜಿಲ್ಲೆಯ ಇಸಾಂಪುರದಲ್ಲಿ ಅವರು ಸುಣ್ಣಕಲ್ಲನ್ನೊಡೆದು ಕೈಗೊಡಲಿ ಮಾಡಿದ ಜಾಗವೇ ಸಿಕ್ಕಿದೆ. ಅದರ ವಯಸ್ಸು ಸುಮಾರು 12 ಲಕ್ಷ ವರ್ಷವೆಂದು ವಿಜ್ಞಾನಿಗಳ ಅಂದಾಜು. ಬಂಧುಗಳೇ, ದುಡಿಮೆಯು ನಮ್ಮ ಮನುಷ್ಯಜಾತಿಗಿಂತಲೂ ಹಳೆಯದು!

ಈಗ ಬಳ್ಳಾರಿಯ ಪಕ್ಕದ ಸಂಗನಕಲ್ಲಿಗೆ ಬನ್ನಿ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅಲ್ಲಿನ ಗುಡ್ಡಗಳಲ್ಲಿ ಕಲ್ಲಿನ ಕೊಡಲಿಗಳನ್ನು ಕಂಡರು. ಮೂರೂವರೆ-ನಾಲ್ಕು ಸಾವಿರ ವರ್ಷಗಳ ಹಿಂದೆ ಅದೊಂದು ಕಾರ್ಖಾನೆಯೇ ಆಗಿತ್ತು. ಕಪ್ಪು ಕಲ್ಲನ್ನು ಕಿತ್ತು, ಚಕ್ಕೆ ಎಬ್ಬಿಸಿ, ಬಂಡೆಯ ಮೇಲೆ ಉಜ್ಜಿ ಅಂಚು ತರುತ್ತಿದ್ದರು. ಉಜ್ಜಿ ಉಜ್ಜಿ ಬಂಡೆಯಲ್ಲಿ ಬಿದ್ದ ತೋಡುಗಳು ಇಂದಿಗೂ ಇವೆ. ಅರೆಯುವ ಕಲ್ಲು ಸವೆದುದನ್ನು ಕಂಡ ನಮ್ಮ ತಾಯಂದಿರಿಗೆ ಅದರ ಅರ್ಥವನ್ನು ಹೇಳಿಕೊಡಬೇಕಾಗಿಲ್ಲ. ಆ ಜನರು ದನ, ಆಡು ಸಾಕಿದರು. ಹುರುಳಿ, ಹೆಸರು, ಕಿರುಧಾನ್ಯ ಬೆಳೆದರು.

ಅದಕ್ಕೂ ಹಿಂದೆಯೇ ಸಿಂಧೂ ಬಯಲಿನಲ್ಲಿ ನಗರಗಳೆದ್ದಿದ್ದವು. ಅಲ್ಲಿನ ಇಟ್ಟಿಗೆಗಳಿಗೆ ಒಂದು ಲೆಕ್ಕ: ದಪ್ಪ 1 ಆದರೆ ಅಗಲ 2, ಉದ್ದ 4. ಹಂಚಿನ ಕಾರ್ಖಾನೆಯಲ್ಲಿ ದುಡಿದವರಿಗೆ ಆ ಶಿಸ್ತಿನ ಬೆಲೆ ಗೊತ್ತು. 19ನೆಯ ಶತಮಾನದಲ್ಲಿ ಲಾಹೋರ್-ಮುಲ್ತಾನ್ ರೈಲುದಾರಿಗೆಂದು ಹರಪ್ಪದ ಇಟ್ಟಿಗೆಗಳನ್ನು ಕಿತ್ತು ಹಳಿಯಡಿ ಹಾಸಿದರು. 1921ರಲ್ಲಿ ದಯಾರಾಮ ಸಾಹ್ನಿಯವರು ಅಗೆಯಲಾರಂಭಿಸುವಷ್ಟರಲ್ಲಿ ಬಹಳಷ್ಟು ಹೋಗಿಬಿಟ್ಟಿತ್ತು.

ನಾವೂ ಅದೇ ತಪ್ಪನ್ನು ಮಾಡಿದ್ದೇವೆ. ಸಂಗನಕಲ್ಲಿನ ಸುತ್ತಲ ಪುರಾತನ ನೆಲೆಗಳಿಗೆ ಕಲ್ಲುಗಣಿಗಳಿಂದ ಹಾನಿಯಾಗಿದೆ. ಕಲ್ಲು ಕಡಿಯುವ ಕೂಲಿಕಾರನನ್ನು ದೂಷಿಸಿ ಫಲವಿಲ್ಲ, ಅವನದು ಹೊಟ್ಟೆಪಾಡು. ಲಾಭ ಕೊಂಡೊಯ್ಯುವವನು ಬೇರೆ.

ಆದುದರಿಂದ ನಮ್ಮದೊಂದು ಕೋರಿಕೆ. ಬಾವಿ ತೋಡುವಾಗ, ಅಡಿಪಾಯ ಅಗೆಯುವಾಗ, ಮುರಕಲ್ಲು ಕಡಿಯುವಾಗ ಉಜ್ಜಿದ ಕಲ್ಲು, ಹಳೆಯ ಮಡಕೆಯ ಚೂರು, ಬರಹವಿರುವ ಹಾಸುಗಲ್ಲು ಕಂಡರೆ ಒಡೆಯಬೇಡಿ, ಇದ್ದ ಜಾಗದಿಂದ ಕೀಳಬೇಡಿ. ಪದರ ಕದಡಿದರೆ ಚೀಟಿಯ ತಾರೀಖು ಹರಿದಂತೆ. ಪಂಚಾಯತಿಗೆ, ಪುರಾತತ್ವ ಇಲಾಖೆಗೆ ತಿಳಿಸಿ. ಅರಸರ ಚರಿತ್ರೆಯನ್ನು ಶಾಸನಗಳು ಕಾಯುತ್ತವೆ. ದುಡಿದವರ ಚರಿತ್ರೆಯನ್ನು ಕಾಯುವವರು ನಾವೇ ಆಗಬೇಕು.